ಮುಂದೆ ನಾಯಿ, ಹಿಂದೆ ಅಜ್ಜ

ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಗಳಿಗೆ ನೀರು ಬರುವುದು ಗುಡ್ಡದಿಂದ. ಮನೆಗಿಂತ ಎತ್ತರದಲ್ಲಿ ಹರಿಯುವ ಹಳ್ಳಕ್ಕೆ ಕಲ್ಲು ಮಣ್ಣಿನ ಪುಟ್ಟ ಕಟ್ಟು ಹಾಕಿ, ಅಲ್ಲಿಂದ ಪೈಪು ಎಳೆದರೆ ಆಯಿತು. ಮೋಟಾರಿನ ಹಂಗಿಲ್ಲ, ಕರೆಂಟಿನ ಹಂಗೂ ಇಲ್ಲ. ಹೀಗೆ ಬರುವ ಅಬ್ಬಿ ನೀರಿಗೆ ಇರುವ ಒಂದೇ ಕಾಟ ತರಗೆಲೆಯದು. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ಅಂಗಳದ ನಲ್ಲಿ ಬರೀ ಗಾಳಿ ಉಗುಳುತ್ತದೆ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಯಾರಾದರೊಬ್ಬರು ಗುಡ್ಡ ಹತ್ತಿ ಎಲೆ ತೆಗೆದು ಬರಬೇಕು. ಮನೆ ತುಂಬ ಜನರಿದ್ದ ಕಾಲದಲ್ಲಿ ಅದು ಹುಡುಗರ ಪಾಲಿನ ಕೆಲಸ. ಹುಡುಗರೆಲ್ಲ ಬೆಂಗಳೂರು ಸೇರಿದ ಮೇಲೆ ಅದು ಎಪ್ಪತ್ತು ದಾಟಿದ ಅಜ್ಜನ ಪಾಲಿಗೆ ಬಂದಿದೆ. ಅಜ್ಜ ಒಬ್ಬನೇ ಹೋಗುವುದಿಲ್ಲ. ಅವನ ಮುಂದೆ ಒಂದು ನಾಯಿ ಹೋಗುತ್ತದೆ.

ಇಂಥ ಜೋಡಿಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ನಾನು ಹತ್ತಿರದಿಂದ ಬಲ್ಲ ಅಜ್ಜನ ನಾಯಿಯ ಹೆಸರು ಜಿಮ್ಮಿ. ಮೈ ಕಂದು, ಮೂತಿ ಕಪ್ಪು, ಈಗ ಆ ಕಪ್ಪಿನೊಳಗೆ ನರೆ ಇಣುಕುತ್ತಿದೆ. ಜಾತಿನಾಯಿ ಅಲ್ಲ, ಯಾರದೋ ಕೊಟ್ಟಿಗೆಯ ಮೂಲೆಯಲ್ಲಿ ಹುಟ್ಟಿದ್ದು. ಅಜ್ಜ ಊರುಗೋಲು ತೆಗೆದುಕೊಂಡ ಸದ್ದಾದರೆ ಸಾಕು, ಜಗಲಿಯಿಂದ ಇಳಿದು ತೋಟದ ದಾರಿಯಲ್ಲಿ ನಿಂತಿರುತ್ತದೆ. ಅಜ್ಜ ಕರೆಯುವುದಿಲ್ಲ, ಅದು ಬೊಗಳುವುದಿಲ್ಲ. ಹತ್ತು ಮಾರು ಮುಂದೆ ಹೋಗುತ್ತದೆ, ದಾರಿ ತಿರುಗುವಲ್ಲಿ ನಿಲ್ಲುತ್ತದೆ. ಪೂರ್ತಿ ತಿರುಗಿ ನೋಡುವ ರೂಢಿ ಅದಕ್ಕಿಲ್ಲ. ಒಂದು ಕಿವಿ ಮಾತ್ರ ಹಿಂದಕ್ಕೆ ವಾಲುತ್ತದೆ. ಊರುಗೋಲಿನ ಸದ್ದು ಹತ್ತಿರ ಬಂತೆಂದು ಗೊತ್ತಾದ ಮೇಲೆ ಮತ್ತೆ ಹೆಜ್ಜೆ. ಹಳ್ಳಕ್ಕೆ ಅಡಿಕೆ ಮರದ ಸಂಕ ಇದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಜಿಮ್ಮಿ ಮೊದಲು ದಾಟಿ ಆಚೆ ದಡದಲ್ಲಿ ಕುಂಡೆಯೂರಿ ಕೂರುತ್ತದೆ. ಅಜ್ಜ ಒಂದು ಕೈಯಲ್ಲಿ ಹಿಡಿಗಳ, ಇನ್ನೊಂದರಲ್ಲಿ ಕೋಲು ಹಿಡಿದು ಪಾದ ಅಡ್ಡ ಇಟ್ಟು ದಾಟಿ ಮುಗಿಸುವವರೆಗೂ ಅದು ಏಳುವುದಿಲ್ಲ. ಇದನ್ನು ಅದಕ್ಕೆ ಯಾರೂ ಕಲಿಸಿಲ್ಲ.

ನಡುದಾರಿಯಲ್ಲಿ ಜಿಮ್ಮಿ ಎತ್ತಿದ ಕಾಲು ಎತ್ತಿದಂತೆಯೇ ನಿಂತರೆ ಅಜ್ಜನೂ ನಿಂತುಬಿಡುತ್ತಾನೆ. ದಾರಿಗಡ್ಡ ಹಾವಿರಬಹುದು, ಹಂದಿ ಹಿಂಡು ಈಗಷ್ಟೇ ದಾಟಿರಬಹುದು, ಬಿದಿರು ಮೆಳೆಯ ಆಚೆ ಕಾಟಿ ನಿಂತಿರಬಹುದು. ಅಜ್ಜನ ಕಣ್ಣು ನಾಯಿಯ ಬೆನ್ನಿನ ಮೇಲಿರುತ್ತದೆ. ಅಲ್ಲಿ ಎದ್ದ ಕೂದಲು ಮಲಗಿದ ಮೇಲೆ ಇಬ್ಬರೂ ಹೊರಡುತ್ತಾರೆ. ‘ಅದಕ್ಕೆ ಗೊತ್ತಾಗಿದ್ದು ನಂಗೆ ಆಮೇಲೆ ಗೊತ್ತಾಗ್ತದೆ ತಮ್ಮಾ. ಅದು ನಿಂತ್ರೆ ನಾನೂ ನಿಂತ್ಕೊಳ್ತೀನಿ, ಅಷ್ಟೇ’ ಎಂದು ಅಜ್ಜ ಒಮ್ಮೆ ಹೇಳಿದ್ದುಂಟು. ನಾಯಿಯ ಬಗ್ಗೆ ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು.

ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಏರುದನಿಯ ಸದ್ದುಗಳು. ಜೀರುಂಡೆಯ ಕಿರ್ರೆನ್ನುವಿಕೆ, ಸಣ್ಣ ಹಕ್ಕಿಗಳ ಚಿಲಿಪಿಲಿ, ಒಣಗಿದೆಲೆಯ ಮೇಲಿನ ಸರಪರ ಒಂದೊಂದಾಗಿ ಮಾಯವಾಗುತ್ತವೆ. ಎಳೆಯ ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಹಿಡಿದರೆ ನಾಯಿಯದು ಅದರ ಎರಡು ಪಟ್ಟಿಗೂ ಮೀರಿ ಹಿಡಿಯುತ್ತದೆ. ಕಾಡಿನ ನಡುವೆ ಬದುಕುವ ಮುದುಕನಿಗೆ ಇದು ಪುಸ್ತಕದ ಮಾಹಿತಿಯಲ್ಲ. ತನ್ನಿಂದ ದೂರವಾದ ಕಾಡಿನ ಅರ್ಧ ಸದ್ದನ್ನು ಅವನು ನಾಯಿಯ ಕಿವಿ, ಬಾಲ, ಬೆನ್ನಿನ ಮೂಲಕ ಈಗಲೂ ಕೇಳಿಸಿಕೊಳ್ಳುತ್ತಿದ್ದಾನೆ. ಅವರಿಬ್ಬರ ನಡುವೆ ಮಾತಿಲ್ಲ ಎನ್ನುವವರು ಈ ಕೇಳಿಸಿಕೊಳ್ಳುವಿಕೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನಮ್ಮ ಸಾಹಿತ್ಯದಲ್ಲಿ ನಾಯಿಗಳಿಗೆ ಕೊರತೆಯಿಲ್ಲ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಬರೆದಾಗ (1967) ನಾಯಿಗುತ್ತಿಯ ನಾಯಿ ಹುಲಿಯನಿಗೆ ಮನುಷ್ಯ ಪಾತ್ರಗಳ ಸಮಕ್ಕೆ ಜಾಗ ಕೊಟ್ಟರು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ‘ಕಿವಿ’ ಎಂಬ ನಾಯಿ ಇಲ್ಲದಿದ್ದರೆ ಆ ಕಾಡಿನ ಓಡಾಟಕ್ಕೆ ಆ ಜೀವಕಳೆಯೇ ಬರುತ್ತಿರಲಿಲ್ಲ. ಆದರೆ ಆ ನಾಯಿಗಳು ಹರೆಯದವರ ಸಂಗಾತಿಗಳು. ಬೆನ್ನಟ್ಟುತ್ತವೆ, ನುಗ್ಗುತ್ತವೆ, ಒಡೆಯನನ್ನು ಹೊಸ ಹೊಸ ಫಜೀತಿಗೆ ಎಳೆಯುತ್ತವೆ. ಮುದುಕರ ನಾಯಿಯ ರೀತಿಯೇ ಬೇರೆ. ಅದು ಬೇಟೆ ಮರೆತಿರುತ್ತದೆ. ಒಡೆಯನ ನಡಿಗೆ ಎಷ್ಟೋ ಅಷ್ಟಕ್ಕೆ ತನ್ನ ನಡಿಗೆಯನ್ನೂ ಇಳಿಸಿಕೊಂಡಿರುತ್ತದೆ. ನನಗೆ ಇಲ್ಲಿ ನೆನಪಾಗುವುದು ಮಹಾಭಾರತದ ಮಹಾಪ್ರಸ್ಥಾನ. ರಾಜ್ಯ ಬಿಟ್ಟು, ಮುಪ್ಪಿನಲ್ಲಿ ಹಿಮಾಲಯ ಹತ್ತಿದ ಧರ್ಮರಾಯನ ಹಿಂದೆ ಒಂದು ನಾಯಿ ಬರುತ್ತದೆ. ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಭೀಮ ಬಿದ್ದರು. ನಾಯಿ ಬರುತ್ತಲೇ ಇತ್ತು. ಅಷ್ಟು ದೂರದ ದಾರಿಯಲ್ಲಿ ಅವನು ಅದನ್ನು ಕರೆದದ್ದಿಲ್ಲ, ಮುದ್ದಿಸಿದ್ದಿಲ್ಲ. ಆದರೆ ಇಂದ್ರ ರಥ ತಂದು ನಾಯಿಯನ್ನು ಬಿಟ್ಟು ಹತ್ತು ಎಂದಾಗ ಅವನು ಸ್ವರ್ಗವನ್ನೇ ಬೇಡವೆಂದ. ಆ ನಾಯಿ ಯಮಧರ್ಮನೆಂದು ತಿಳಿದದ್ದು ಆಮೇಲೆ. ಬೇಡವೆನ್ನುವಾಗ ಅದು ಅವನಿಗೆ ಬರೀ ನಾಯಿ.

ಈ ನಂಟು ಎಷ್ಟು ಹಳೆಯದು ಎಂಬುದಕ್ಕೆ ಮಣ್ಣಿನಡಿಯ ಸಾಕ್ಷಿಯೂ ಇದೆ. ಇಸ್ರೇಲಿನ ಉತ್ತರ ಭಾಗದ ಐನ್ ಮಲ್ಲಾಹ ಎಂಬಲ್ಲಿ ಸುಮಾರು 12,000 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿತು. 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವಿವರ ಬಂತು. ಸಮಾಧಿಯಲ್ಲಿದ್ದದ್ದು ವಯಸ್ಸಾದ ಒಬ್ಬ ವ್ಯಕ್ತಿಯ ಅಸ್ಥಿ. ಕೈ ತಲೆಯ ಬಳಿಗೆ ಚಾಚಿದೆ. ಆ ಕೈಯ ಕೆಳಗೆ ಕೆಲವೇ ತಿಂಗಳ ಒಂದು ಮರಿಯ ಅಸ್ಥಿ. ಬೇಸಾಯ ಇನ್ನೂ ಸರಿಯಾಗಿ ಶುರುವಾಗಿರದ, ದನ ಕುರಿ ಸಾಕುವುದನ್ನು ಮನುಷ್ಯ ಇನ್ನೂ ಕಲಿತಿರದ ಕಾಲ ಅದು. ನಮ್ಮ ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲೂ ಮನುಷ್ಯರ ಜೊತೆ ನಾಯಿಗಳನ್ನು ಹೂತಿದ್ದಾರೆ.

ನಾಯಿಯ ಮಾತು ಇಷ್ಟಾಯಿತು. ಮಲೆನಾಡಿನ ಅಜ್ಜಿಯರ ಸಂಗಾತಿ ಹೆಚ್ಚಾಗಿ ದನ. ಅದರಲ್ಲೂ ಮಲೆನಾಡು ಗಿಡ್ಡ. ಅಜ್ಜಿಯ ಸೊಂಟದ ಎತ್ತರಕ್ಕೆ ಬರುವ, ಹೊತ್ತಿಗೆ ಲೀಟರು ಹಾಲು ಕೊಟ್ಟರೆ ಹೆಚ್ಚು ಎನ್ನಬಹುದಾದ, ಗುಡ್ಡದ ಇಳಿಜಾರಿನಲ್ಲಿ ಆಡಿನಂತೆ ಹತ್ತಿಳಿದು ಸೊಪ್ಪು ಸದೆ ಮೇಯ್ದು ಬರುವ ತಳಿ. ವ್ಯಾಪಾರದ ಲೆಕ್ಕದಲ್ಲಿ ಇದನ್ನು ಸಾಕುವುದು ಯಾರಿಗೂ ಗಿಟ್ಟುವುದಿಲ್ಲ. ನನ್ನ ದೊಡ್ಡಮ್ಮನ ಕೊಟ್ಟಿಗೆಯಲ್ಲಿ ಒಂದು ಕಾಲಕ್ಕೆ ಹತ್ತಾರು ದನ ಇದ್ದವು. ಕೊನೆಗೆ ಉಳಿದದ್ದು ಕಪ್ಪು ಬಣ್ಣದ ಒಂದೇ ಒಂದು ಗಿಡ್ಡ. ಬೆಳಿಗ್ಗೆ ಅಕ್ಕಚ್ಚು ಕುಡಿಸಿ, ಹಾಲು ಕರೆದು, ದಣಪೆ ತೆಗೆದು ಬಿಟ್ಟರೆ ಅದು ತನ್ನ ಪಾಡಿಗೆ ಬೆಟ್ಟಕ್ಕೆ ಹೋಗುತ್ತಿತ್ತು. ಸಂಜೆ ದೊಡ್ಡಮ್ಮ ದಣಪೆಯ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ದನ ಬಂದು ಕತ್ತು ನೀಡಿ ನಿಲ್ಲುತ್ತಿತ್ತು. ದೊಡ್ಡಮ್ಮ ಅದರ ಗಂಗೆದೊಗಲನ್ನು ಕೆರೆಯುತ್ತಿದ್ದಳು, ಕಣ್ಣು ಮಾತ್ರ ಇನ್ನೆಲ್ಲೋ. ದನ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಕತ್ತಲಾಗುವವರೆಗೆ ಇಬ್ಬರೂ ಹಾಗೇ.

ಒಂದು ಲೋಟ ಹಾಲಿಗೆ ಇಷ್ಟು ಒದ್ದಾಟ ಯಾಕೆ, ಪ್ಯಾಕೆಟ್ ಹಾಲು ಪೇಟೆಯಿಂದ ಬರುತ್ತದಲ್ಲ ಎಂದು ಮಕ್ಕಳು ಕೇಳಿದಾಗ ಅವಳ ಉತ್ತರ ಹಾಲಿನ ಬಗ್ಗೆ ಇರಲಿಲ್ಲ. ‘ದನ ಕೂಗಿದ್ರೆ ಮಲಗಿರೋಕೆ ಆಗ್ತದನಾ?’ ಎಂದಿದ್ದಳು. ಮುಪ್ಪಿನ ಒಂಟಿತನದಲ್ಲಿ ಹೊತ್ತು ಎಂಬುದು ಕಲಸಿಹೋಗುತ್ತದೆ. ಉಂಡರೂ ಆಯಿತು, ಬಿಟ್ಟರೂ ಆಯಿತು. ಎದ್ದರೂ ಸರಿ, ಮಲಗಿದರೂ ಸರಿ. ಗಂಡ ಹೋದ ಮೇಲೆ ಒಂದು ಲೋಟ ಅಕ್ಕಿಗೆ ಒಲೆ ಉರಿಸಲು ಮನಸ್ಸು ಬಾರದ ಹೆಂಗಸರನ್ನು ನಾನು ಕಂಡಿದ್ದೇನೆ. ಕೊಟ್ಟಿಗೆಯಲ್ಲೊಂದು ಜೀವ ಇದ್ದರೆ ಆ ಸಡಿಲಿಕೆಗೆ ಆಸ್ಪದವಿಲ್ಲ. ಅಕ್ಕಚ್ಚು ಬೇಕೆಂದರೆ ಅಕ್ಕಿ ತೊಳೆಯಬೇಕು, ಅಕ್ಕಿ ತೊಳೆದ ಮೇಲೆ ಅನ್ನ ಮಾಡಲೇಬೇಕು. ದೊಡ್ಡಮ್ಮ ಉಂಡದ್ದು ದನದ ದೆಸೆಯಿಂದ ಎಂದು ನಾನು ಈಗಲೂ ನಂಬಿದ್ದೇನೆ.

ಇಂಥ ನಂಬಿಕೆಯನ್ನು ಅಂಕಿಗಳಲ್ಲಿ ಅಳೆದು ನೋಡಿದವರೂ ಇದ್ದಾರೆ. ಸ್ವೀಡನ್ನಿನ ವಿಜ್ಞಾನಿಗಳು 40ರಿಂದ 80 ವರ್ಷದೊಳಗಿನ ಸುಮಾರು 34 ಲಕ್ಷ ಜನರ ದಾಖಲೆಗಳನ್ನು 12 ವರ್ಷಗಳ ಅವಧಿಗೆ ಪರಿಶೀಲಿಸಿ 2017ರಲ್ಲಿ ಒಂದು ವರದಿ ಪ್ರಕಟಿಸಿದರು. ಒಂಟಿಯಾಗಿ ಬದುಕುವವರಲ್ಲಿ ನಾಯಿ ಸಾಕಿದವರ ಸಾವಿನ ಅಪಾಯ ಸಾಕದವರಿಗಿಂತ ಶೇ 33ರಷ್ಟು ಕಡಿಮೆ ಕಂಡಿತ್ತು. ಕೈಕಾಲು ಗಟ್ಟಿಯಿದ್ದವರೇ ನಾಯಿ ಸಾಕುತ್ತಾರೆ ಎಂಬ ತಕರಾರು ಇದ್ದೇ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ್ದು ಇನ್ನೂ ಕುತೂಹಲದ್ದು. ನಾಯಿ ಮತ್ತು ಒಡೆಯ ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡುತ್ತ ಕೂತರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮತ್ತು ಹಸುಗೂಸಿನ ನಡುವಿನ ಬೆಸುಗೆಯಲ್ಲಿ ಕೆಲಸ ಮಾಡುವ ರಸ ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ಮಲೆನಾಡಿನ ಅಜ್ಜ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ಕೂರುವವನಲ್ಲ. ಅವನ ಪ್ರೀತಿ ಹರಿಯುವುದು ಕೈಯಿಂದ, ಅದೂ ಉಣುಗು ತೆಗೆಯುವಾಗ. ಸಂಜೆ ಜಗಲಿಯ ದೀಪದ ಕೆಳಗೆ ಜಿಮ್ಮಿ ಪಕ್ಕೆಯ ಮೇಲೆ ಬಿದ್ದುಕೊಳ್ಳುತ್ತದೆ. ಅಜ್ಜ ಕನ್ನಡಕ ಏರಿಸಿ, ಟಾರ್ಚನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಕಿವಿಯ ಒಳಮಡಿಕೆಯಿಂದ ಶುರು ಮಾಡುತ್ತಾನೆ. ಆಮೇಲೆ ಕತ್ತಿನ ಪಟ್ಟಿಯಡಿ, ಕಂಕುಳು, ಕೊನೆಗೆ ಕಾಲ್ಬೆರಳ ಸಂದು. ಚಿಮಟದಲ್ಲಿ ಬುಡಕ್ಕೇ ಹಿಡಿದು ನೇರ ಎಳೆದು ಸೋಪಿನ ನೀರಿನ ಚಿಪ್ಪಿಗೆ ಹಾಕುತ್ತಾನೆ. ಉಗುರಿನಲ್ಲಿ ಕುಕ್ಕಿ ಸಾಯಿಸುವುದಿಲ್ಲ. ಅದಕ್ಕೆ ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಬೇಸಿಗೆಯ ತಿಂಗಳುಗಳಲ್ಲಿ ಕಾಡಿಗೆ ಹೋಗಿ ಬಂದ ದನ ನಾಯಿಗಳ ಮೈಯಲ್ಲಿ ಅದು ಮನೆಯೊಳಕ್ಕೂ ಬರಬಲ್ಲದು. ಪ್ರೀತಿ ಇರುವಲ್ಲಿ ಈ ಎಚ್ಚರವೂ ಬೇಕು. ಮೈಗೆ ಉಣುಗು ದೂರವಿಡುವ ತೈಲ ಹಚ್ಚಿಕೊಳ್ಳುವುದು, ಕಾಡಿನಿಂದ ಬಂದೊಡನೆ ಬಿಸಿನೀರು ಹುಯ್ದುಕೊಂಡು ಬಟ್ಟೆ ಬದಲಿಸುವುದು, ನಾಯಿಗೆ ವರ್ಷ ವರ್ಷವೂ ರೇಬೀಸ್ ಲಸಿಕೆ ಹಾಕಿಸುವುದು, ಇವನ್ನೆಲ್ಲ ದೂರದಲ್ಲಿರುವ ಮಕ್ಕಳು ಫೋನಿನಲ್ಲಿ ನೆನಪಿಸುತ್ತಿರಬೇಕು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಯ ಕಡೆಗೇ ಬರುವ ವ್ಯವಸ್ಥೆ ಇದೆ. ಸ್ಕೂಟರು ಓಡಿಸಲಾಗದ ವಯಸ್ಸಿನವರಿಗೆ ಆ ನಾಲ್ಕಂಕಿಯ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆದಿಡುವುದು ಒಳ್ಳೆಯದು.

ಅಪಾಯ ಇನ್ನೊಂದು ಕಡೆಯಿಂದಲೂ ಇದೆ. ಚಿರತೆಗೆ ನಾಯಿಯೆಂದರೆ ಸುಲಭದ ತುತ್ತು. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಊರು ಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರಿಶೀಲಿಸಿದಾಗ ಅವುಗಳ ಆಹಾರದಲ್ಲಿ ಮೊದಲ ಸ್ಥಾನ ಸಾಕುನಾಯಿಗೇ ಸಿಕ್ಕಿತ್ತು. ಮಲೆನಾಡಿನವರಿಗೆ ಇದು ಹೊಸ ಸಂಗತಿಯಲ್ಲ. ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕುವುದೆಂದರೆ ಚಿರತೆಗೆ ಎಡೆಯಿಟ್ಟಂತೆ. ಅಜ್ಜ ಕತ್ತಲಾದ ಮೇಲೆ ಜಿಮ್ಮಿಯನ್ನು ಜಗಲಿಯ ಒಳಕ್ಕೆ ಕರೆದು ಬಾಗಿಲು ಹಾಕುತ್ತಾನೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಹುಯ್ಯುತ್ತದೆ. ಆಷಾಢದಲ್ಲಿ ದಿನಗಟ್ಟಲೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ, ಆಳುಗಳು ಬರುವುದಿಲ್ಲ. ಅಂಥ ರಾತ್ರಿಗಳಲ್ಲಿ ಒಂದೇ ಸೂರಿನಡಿ ಇನ್ನೊಂದು ಜೀವದ ಉಸಿರಾಟ ಕೇಳುತ್ತಿರುವುದು ಎಂಥ ಧೈರ್ಯ ಎಂಬುದನ್ನು ಅಲ್ಲಿ ಒಬ್ಬರೇ ಮಲಗಿದವರು ಬಲ್ಲರು.

2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಶೇ 9.5ರಷ್ಟು ಜನ 60 ದಾಟಿದವರಿದ್ದರು. ಅಡಿಕೆ ಸೀಮೆಯ ಊರುಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದರೂ ಆ ಪ್ರಮಾಣ ಅಲ್ಲಿ ಇನ್ನೂ ಹೆಚ್ಚಿರಬೇಕು ಎನ್ನಿಸುತ್ತದೆ. ಮಕ್ಕಳಿಗೆ ಅಪ್ಪ ಅಮ್ಮನ ಮೇಲೆ ಕಾಳಜಿ ಇಲ್ಲ ಎಂದಲ್ಲ. ‘ಅಪ್ಪಾ, ಇಲ್ಲಿಗೆ ಬಂದುಬಿಡಿ’ ಎಂದು ವಾರ ವಾರವೂ ಕರೆಯುತ್ತಾರೆ. ತೋಟ ಯಾರು ನೋಡುತ್ತಾರೆ ಎಂದು ಅಪ್ಪ ಹೇಳುತ್ತಾನೆ. ತೋಟವನ್ನು ಗುತ್ತಿಗೆ ಕೊಡೋಣ ಎಂದರೆ ದೇವರ ಪೂಜೆ ಎನ್ನುತ್ತಾನೆ. ಈ ನೆಪಗಳ ಹಿಂದೆ ಅವನು ಹೇಳಲು ಸಂಕೋಚಪಡುವ ಒಂದು ಮಾತಿದೆ. ನಾಯಿಗಾಗಿ ಮಗಳ ಮನೆಗೆ ಬರಲಾರೆ ಎಂದರೆ ನಗುತ್ತಾರೆ ಎಂಬ ಸಂಕೋಚ. ಹಾಗೆ ನಕ್ಕವರನ್ನು ನಾನು ನೋಡಿದ್ದೇನೆ, ಆ ನಗುವಿನ ಮುಂದೆ ಅಜ್ಜಂದಿರು ತಲೆ ತಗ್ಗಿಸಿದ್ದನ್ನೂ ನೋಡಿದ್ದೇನೆ. ನನ್ನ ತಕರಾರು ಇಲ್ಲಿಯೇ. ಮುಪ್ಪಿನವರನ್ನು ಊರಿನಿಂದ ಎತ್ತಿ ತರುವಾಗ ಔಷಧದ ಚೀಟಿ, ಪಿಂಚಣಿಯ ಪುಸ್ತಕ, ದೇವರ ಪೆಟ್ಟಿಗೆ ಎಲ್ಲದಕ್ಕೂ ನಾವು ವ್ಯವಸ್ಥೆ ಮಾಡುತ್ತೇವೆ. ನಾಯಿಯನ್ನು ಮಾತ್ರ ‘ಆಳುಗಳು ಅನ್ನ ಹಾಕುತ್ತಾರೆ ಬಿಡಿ’ ಎಂಬ ಒಂದು ಮಾತಿಗೆ ಬಿಟ್ಟು ಬರುತ್ತೇವೆ. ಬೀಗ ಹಾಕಿದ ಮನೆಯ ಜಗಲಿಯಲ್ಲಿ ಕಾದು ಕಾದು ಬಡಕಲಾದ ನಾಯಿಗಳು ಮಲೆನಾಡಿನ ಊರೂರಲ್ಲಿವೆ. ಅತ್ತ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತವನಿಗೆ ಊಟ ಸೇರುವುದಿಲ್ಲ. ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿ ಇರುತ್ತದೆ.

ನಾಯಿಯನ್ನೂ ಕರೆತರುವುದು ಆಗದ ಕೆಲಸವೇನಲ್ಲ. ಸಾಕುಪ್ರಾಣಿ ಇಟ್ಟುಕೊಳ್ಳುವುದನ್ನು ವಸತಿ ಸಂಘಗಳು ಬಹುಮತದಿಂದಲೂ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಜನ್ಮದಲ್ಲಿ ಹಗ್ಗ ಕಂಡಿರದ, ಮಣ್ಣು ಬಿಟ್ಟು ಬೇರೆಲ್ಲೂ ಕೂತಿರದ ನಾಯಿಗೆ ಏಳನೆಯ ಮಹಡಿ ಒಗ್ಗುವುದು ಕಷ್ಟ. ಅದನ್ನೂ ಮುಚ್ಚಿಡಬಾರದು. ಎಷ್ಟೋ ಸಲ ಸರಿಯಾದ ದಾರಿ ಎಂದರೆ ಅಜ್ಜನನ್ನೇ ಅಲ್ಲಿ ಇರಗೊಡುವುದು. ಸಂಕಕ್ಕೆ ಗಟ್ಟಿ ಹಿಡಿಗಳ ಹಾಕಿಸಿ, ಅಂಗಳದ ಪಾಚಿ ಕೆರೆಸಿ, ನೆರೆಮನೆಯವರು ದಿನಕ್ಕೊಮ್ಮೆ ಬಂದುಹೋಗುವಂತೆ ಮಾಡಿದರೆ ಇನ್ನೂ ನಾಲ್ಕು ವರ್ಷ ಅವನು ಅಲ್ಲೇ ಗಟ್ಟಿಯಾಗಿ ಇರಬಲ್ಲ.

ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷದ್ದು. ಹಾಗಾಗಿ ಮುದುಕರ ಪಾಲಿಗೆ ಈ ಸಾವೂ ಬರುತ್ತದೆ. ಜಿಮ್ಮಿಗಿಂತ ಮೊದಲು ಅದೇ ಮನೆಯಲ್ಲಿ ಒಂದು ಬಿಳಿ ನಾಯಿಯಿತ್ತು. ಅದು ಸತ್ತಾಗ ಅಜ್ಜ ತೋಟದಂಚಿನ ಹಲಸಿನ ಬುಡದಲ್ಲಿ ತಾನೇ ಗುಂಡಿ ತೋಡಿ ಹೂತ. ಮೂರು ದಿನ ಅಬ್ಬಿಯ ಕಡೆ ಹೋಗಲಿಲ್ಲ, ಕೊಡದಲ್ಲಿ ಬಾವಿ ನೀರು ಸೇದಿಕೊಂಡ. ಮನುಷ್ಯ ಸತ್ತರೆ ಮಾತಾಡಿಸಲು ಬರುವ ಜನ ಇದಕ್ಕೆ ಬರುವುದಿಲ್ಲ. ಹತ್ತನೆಯ ಶತಮಾನದ ಕನ್ನಡಿಗರು ಇದರಲ್ಲಿ ನಮಗಿಂತ ದೊಡ್ಡ ಮನಸ್ಸಿನವರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೆರ, ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಪಡೆದದ್ದು ಆ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಬಾರದೆಂದು ಬರೆಸಿದ. ಹಂದಿ ಮತ್ತು ನಾಯಿಯ ಕಾಳಗ ಕೆತ್ತಿದ ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಬಿಳಿ ನಾಯಿ ಹೋದ ಮೇಲೆ ಅಜ್ಜ ಹೊಸ ಮರಿ ಬೇಡವೆಂದಿದ್ದ. ‘ನಾನು ಹೋದ್ಮೇಲೆ ಅದನ್ನ ಯಾರು ನೋಡ್ತಾರೆ?’ ಈ ಪ್ರಶ್ನೆಯನ್ನು ಬಹಳಷ್ಟು ಮುದುಕರು ತಮ್ಮೊಳಗೇ ಇಟ್ಟುಕೊಂಡು ಖಾಲಿ ಜಗಲಿಯಲ್ಲಿ ದಿನ ದೂಡುತ್ತಾರೆ. ಸಾಂತ್ವನದ ಮಾತು ಅದಕ್ಕೆ ಉತ್ತರವಾಗದು, ಯಾರಾದರೊಬ್ಬರು ಮುಂದೆ ಬಂದು ಹೊಣೆ ಹೊರಬೇಕು. ಇಲ್ಲಿ ಹೊತ್ತದ್ದು ನೆರೆಮನೆಯ ಹುಡುಗ. ಕೊಟ್ಟಿಗೆಯಿಂದ ಮರಿ ತಂದು ಜಗಲಿಯ ಮೇಲೆ ಬಿಟ್ಟು, ‘ಅಜ್ಜಯ್ಯ, ನಿಮ್ಮನೇಲಿ ಇರ್ಲಿ, ಆದ್ರೆ ನಾಯಿ ನಂದು’ ಎಂದನಂತೆ. ಕಳೆದ ವರ್ಷ ಅಜ್ಜ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಶಿವಮೊಗ್ಗಕ್ಕೆ ಹೋದಾಗ ಜಿಮ್ಮಿಗೆ ಅನ್ನ ಹಾಕಿದ್ದು, ಅಬ್ಬಿಯ ಎಲೆ ತೆಗೆದದ್ದು ಅವನೇ. ಜಿಮ್ಮಿ ಅವನ ಜೊತೆಗೂ ಗುಡ್ಡಕ್ಕೆ ಹೋಯಿತು. ಆದರೆ ಹುಡುಗನ ದಾಪುಗಾಲಿಗೆ ಅದು ಹಿಂದೆ ಬಿದ್ದಿತಂತೆ.

ಬೆಂಗಳೂರಿನ ಮಗಳು ಈಗ ಫೋನು ಮಾಡಿದರೆ ಮೊದಲು ಕೇಳುವುದು ‘ಜಿಮ್ಮಿ ಉಂಡಿತಾ ಅಪ್ಪಯ್ಯ?’ ಎಂದು. ‘ನೀವು ಉಂಡಿರಾ’ ಎಂದರೆ ಅವನು ಹೂಂ ಎಂದು ಮಾತು ಮುಗಿಸುತ್ತಾನೆ. ಜಿಮ್ಮಿಯ ಬಗ್ಗೆ ಕೇಳಿದರೆ ಅನ್ನ ಎಷ್ಟು ಹೊತ್ತಿಗೆ ಆಯಿತು, ಮೀನಿನವನು ಬಂದಿದ್ದನೋ ಇಲ್ಲವೋ, ಮಳೆ ಹೇಗಿದೆ, ಸಂಕ ಎಷ್ಟು ಜಾರುತ್ತಿದೆ ಎಲ್ಲವೂ ಒಂದೊಂದಾಗಿ ಹೊರಬರುತ್ತದೆ. ಈ ಸಲ ಮಳೆಗಾಲಕ್ಕೆ ಮೊದಲು ಅವಳು ರಜೆ ಹಾಕಿ ಊರಿಗೆ ಬಂದು, ಹಳೆಯ ಅಡಿಕೆ ಮರದ ಸಂಕ ಕೀಳಿಸಿ ಕಬ್ಬಿಣದ್ದು ಹಾಕಿಸಿದ್ದಾಳೆ. ಜಿಮ್ಮಿಯ ಉಗುರು ಜಾರಬಾರದೆಂದು ಅದರ ಮೇಲೆ ಉದ್ದಕ್ಕೂ ತೆಂಗಿನ ನಾರಿನ ಹಾಸು ಬಿಗಿಸಿದ್ದಾಳೆ.